ಅರ್ಧ ಮುಂದೆ, ಕಾಲು ಹಿಂದೆ

ಬೋಲ್ಟು ಬಿಗಿಯಾಗುತ್ತ ಬಂದು
ಇದ್ದಕ್ಕಿದ್ದಂತೆ ಹಗುರಾಯಿತು.
ಇನ್ನೊಂದು ಮೆಟ್ಟಿಲಿದೆಯೆಂದು ಕತ್ತಲಲ್ಲಿ ಇಟ್ಟ ಕಾಲು
ಬರೀ ಗಾಳಿಗೆ ಇಳಿದ ಹಾಗೆ.
ಸ್ಪ್ಯಾನರಿಗೆ ಪೈಪು ತೂರಿಸಿ ಎಳೆದಿದ್ದೆ,
ಯಾರೂ ನೋಡುತ್ತಿರಲಿಲ್ಲ.
ಬಿ.ಎಂ. ರಸ್ತೆಯಲ್ಲಿ ಆಲೂಗಡ್ಡೆ ಲಾರಿಯೊಂದು
ಹಾರನ್ ಹೊಡೆದು ಹೋಯಿತು. ಅಷ್ಟೆ.

ಹತ್ತರಲ್ಲಿ ಏಳನೆಯದು.
ತಿರುಗಿಸಿದರೆ ತಿರುಗುತ್ತದೆ, ತಿರುಗುತ್ತಲೇ ಇರುತ್ತದೆ,
ಏನು ಕೇಳಿದರೂ ಹೂಂ ಅನ್ನುವ ನೆಂಟನಂತೆ.
ಹೊರಗೆಳೆದೆ: ಅದರ ಮೈತುಂಬ ಬೆಳ್ಳಿ ಬಣ್ಣದ ನೂಲು.
ಬ್ಲಾಕಿನ ಥ್ರೆಡ್ಡು ಬೋಲ್ಟಿಗೇ ಸುತ್ತಿಕೊಂಡು
ಸಿಪ್ಪೆ ಸುಲಿದಂತೆ ಈಚೆ ಬಂದಿತ್ತು.
ಬಿಡಿಸಿ ಜೇಬಿಗೆ ಹಾಕಿಕೊಂಡೆ ಆ ನೂಲನ್ನ.
ಬೋಲ್ಟನ್ನ ಮತ್ತೆ ಅಲ್ಲೇ ಇಟ್ಟೆ, ಸುಮ್ಮನೆ, ಕೈಯಲ್ಲಿ.

ಡ್ರೈವಿಂಗ್ ಸ್ಕೂಲಿನ ಪದ್ಮರಾಜಯ್ಯನವರ ಹಳೇ ಎಸ್ಟೀಮು.
ಅರ್ಧ ಹಾಸನ ಅದರಲ್ಲೇ ಕ್ಲಚ್ಚು ಕಲಿತದ್ದು,
ಇನ್ನರ್ಧ ಅದಕ್ಕೆ ದಾರಿ ಬಿಟ್ಟು ಓಡಿದ್ದು.
"ಸೋಮವಾರ ಟೆಸ್ಟು, ಎಂಟು ಜನ ಇದಾರೆ" ಅಂದು
ಟೀ ಕುಡಿದು ಹೋಗಿದ್ದರು.

ದಸ್ತಗೀರ್ ಮೇಸ್ತ್ರಿ ಊಟ ಮುಗಿಸಿ ಬಂದರು,
ಏಳನೆಯದರ ಮೇಲೆ ಎರಡು ಬೆರಳಿಟ್ಟರು,
ನಾಡಿ ನೋಡುವಷ್ಟು ಹೊತ್ತೂ ಇಲ್ಲ.
"ಚೂಡಿ ಹೋಗಿದೆ."
ಯಾರು, ಹೇಗೆ, ಒಂದೂ ಕೇಳಲಿಲ್ಲ.

ಅವರ ಮನೆಮಾತಲ್ಲಿ ಥ್ರೆಡ್ಡಿಗೆ ಚೂಡಿ, ಅಂದರೆ ಬಳೆ.
ಐಟಿಐ ಮುಗಿಸಿ ನಾನಿಲ್ಲಿಗೆ ಬಂದ ಮೊದಲ ದಿನ
ಫ್ಯಾನ್ ಬೆಲ್ಟಿಗೆ ಸಿಕ್ಕೀತೆಂದು ನನ್ನ ಬಳೆ ತೆಗೆಸಿ
ಪಿಸ್ಟನ್ ರಿಂಗಿನ ಡಬ್ಬಿಯಲ್ಲಿ ಹಾಕಿಟ್ಟಿದ್ದರು.
ಡಬ್ಬಿ ಇನ್ನೂ ಅಲ್ಲೇ ಇದೆ, ಧೂಳು ಹೊದ್ದು.

ಒಂಬತ್ತೂ ಸಡಿಲಿಸಿ ಹೆಡ್ಡು ಇಳಿಸಿದೆವು.
ಹೊಸ ಗ್ಯಾಸ್ಕೆಟ್ಟು ದಂಡ. ಅದರ ದುಡ್ಡು ಬಿಲ್ಲಿಗೆ ಬರೆಯಲಿಲ್ಲ.
ಜೆ.ಸಿ. ರೋಡಿನಿಂದ ಬಸ್ ಕಂಡಕ್ಟರ ಕೈಲಿ ಕಾಯಿಲು ಬಂತು:
ಪೆನ್ನಿನ ಸ್ಪ್ರಿಂಗಿಗೆ ಅಣ್ಣನಂಥದ್ದು,
ಕೆಳತುದಿಯಲ್ಲಿ ಅಡ್ಡ ಒಂದು ಕಡ್ಡಿ.
ಸಿಲಿಂಡರಿಗೆ ಬಟ್ಟೆ ತುರುಕಿ, ಡ್ರಿಲ್ಲಿಗೆ ಗ್ರೀಸು ಮೆತ್ತಿ
ಕೆಟ್ಟ ತೂತನ್ನು ಇನ್ನೂ ದೊಡ್ಡದು ಮಾಡಿದರು.
ನನ್ನೆದೆ ಧಸಕ್ ಅಂದಿತು.
ರಿಪೇರಿಯೆಂದರೆ ಮೊದಲು ಇನ್ನಷ್ಟು ಕೊರೆಯುವುದು ಅಂತ
ಪಾಠದಲ್ಲಿ ಯಾರೂ ಹೇಳಿರಲಿಲ್ಲ.

ಟ್ಯಾಪು ನನ್ನ ಕೈಗೆ ಕೊಟ್ಟರು.
"ಸೀಮೆಎಣ್ಣೆ ಬಿಡು. ನೆಟ್ಟಗೆ ಹಿಡಿ.
ಅರ್ಧ ಮುಂದೆ, ಕಾಲು ಹಿಂದೆ.
ಹಿಂದೆ ಬರದೆ ಮುಂದೆ ಹೋದರೆ ಮುರಿತದೆ, ಕೋಮಲಾ,
ಆಮೇಲೆ ಈ ಬ್ಲಾಕು ಗುಜರಿಯವನಿಗೆ ಹಬ್ಬ."
ಅರ್ಧ ಮುಂದೆ. ಕಾಲು ಹಿಂದೆ.
ಹಿಂದಕ್ಕೆ ತಿರುಗಿಸಿದಾಗಲೆಲ್ಲ ಸಣ್ಣಗೆ ಚಿಟ್,
ಚೂರು ಕಡಿದುಕೊಳ್ಳುವ ಸದ್ದು.
ಹೊಸ ಅಂಚು ಮೂಡುವುದು ಕಣ್ಣಿಗೆ ಕಾಣದು,
ಮಣಿಕಟ್ಟಿಗೆ ಗೊತ್ತಾಗುತ್ತದೆ.

ಗಾಳಿ ಹೊಡೆದು, ಕಾಯಿಲು ಸುತ್ತಿ ಇಳಿಸಿ,
ಅಂಚಿನಿಂದ ಅರ್ಧ ಸುತ್ತು ಕೆಳಕ್ಕೆ ನಿಲ್ಲಿಸಿ
ಪಂಚಿನಿಂದ ಒಂದೇ ಏಟು. ಕಡ್ಡಿ ಮುರಿದು ತಳಕ್ಕೆ ಬಿತ್ತು.
ಅಯಸ್ಕಾಂತಕ್ಕೆ ಹತ್ತದ ಸ್ಟೀಲು.
ಮೇಸ್ತ್ರಿ ಊದುಕಡ್ಡಿಯ ತುದಿಗೆ ಗ್ರೀಸು ಹಚ್ಚಿ,
ಮಗುವಿನ ಕಿವಿಯಿಂದ ಗುಗ್ಗೆ ತೆಗೆಯುವ ನಾಜೂಕಲ್ಲಿ,
ಅದನ್ನೆತ್ತಿ ನನ್ನ ಅಂಗೈಗೆ ಹಾಕಿದರು.
"ಜೇಬಲ್ಲಿರೋದರ ಜೊತೆ ಇಟ್ಕೊ."

ನನಗೆ ಕತ್ತೆತ್ತಲು ಆಗಲಿಲ್ಲ.
ಅವರಾಗಲೇ ಸೋಪಿನ ಪುಡಿಯಲ್ಲಿ ಕೈ ಉಜ್ಜುತ್ತಿದ್ದರು.

ಸಂಜೆ ಲೈಟು ಹಾಕಿ, ನಡುವಿನಿಂದ ಹೊರಕ್ಕೆ
ಮೂರು ಸುತ್ತಲ್ಲಿ ಬಿಗಿದೆ, ಟಾರ್ಕ್ ರೆಂಚಿನಲ್ಲಿ, ಪೈಪಿಲ್ಲದೆ.
ಏಳನೆಯದಕ್ಕೆ ಬಂದಾಗ ಉಸಿರು ಹಿಡಿದೆ.
ಟಕ್.
ಸ್ಟೀಲಿನ ಬಳೆ ತೊಟ್ಟದ್ದು ಮಿಕ್ಕ ಒಂಬತ್ತಕ್ಕಿಂತ ಗಟ್ಟಿ
ಅನ್ನುತ್ತಾರೆ ಮೇಸ್ತ್ರಿ. ಇರಬಹುದು.
ನಾನಂತೂ ಆ ಕಾರು ಬಂದಾಗಲೆಲ್ಲ
ಮೊದಲು ಅಲ್ಲಿ ಎಣ್ಣೆ ಜಿನುಗಿದೆಯಾ ನೋಡುತ್ತೇನೆ.

ಸೋಮವಾರ ಎಂಟರಲ್ಲಿ ಆರು ಜನ ಪಾಸು.
ಇಬ್ಬರು ರಿವರ್ಸಿನಲ್ಲಿ ಕಂಬಕ್ಕೆ ತಾಗಿಸಿದರಂತೆ.
ಎಂಜಿನ್ನಿನ ತಪ್ಪಲ್ಲ.